ಶಾಲಿಗೆ ಬರವಿಲ್ಲ, ಕಂಬಕ್ಕೆ ಜಾಗವಿಲ್ಲ

ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವು ಲೈನ್‌ಮನ್ ಹುಡುಗರು ಮೊನ್ನೆ ಶಿರಾಲಿಯ ನಮ್ಮ ಮನೆಗೆ ಬಂದಿದ್ದರು. “ಮಾಸ್ತಪ್ಪಣ್ಣ, ನಿಮ್ಮ ಅನುಭವ ಚೂರು ಬರ್ದು ಕೊಡಿ, ನಮಗೆ ಉಪಯೋಗ ಆಗ್ತದೆ” ಅಂದರು. ಉಪಯೋಗ ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಒಳಗಿನಿಂದ ನನ್ನ ಹೆಂಡತಿ, “ಅವ್ರು ಬಾಯಿ ಬಿಟ್ರೆ ನಿಲ್ಸೂದಿಲ್ಲ, ನೀವು ಊಟ ಮಾಡ್ಕಂಡೇ ಹೋಗೂಕೆ ತಯಾರಿರಿ” ಎಂದು ಕೂಗಿದಳು. ಅದಕ್ಕೇ ಬಾಯಿ ಮುಚ್ಚಿಕೊಂಡು ಬರೆಯಲು ಕುಳಿತಿದ್ದೇನೆ.

ಕಂಬ ಹತ್ತುವುದು ಹೇಗೆಂದು ನಿಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ. ನೆಡುವುದು ಹೇಗೆಂದೂ ಕಲಿಸಿರುತ್ತಾರೆ. ಎಲ್ಲಿ ನೆಡುವುದು ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ, ಯಾಕೆಂದರೆ ಅದು ಕಲಿಸುವವರಿಗೂ ಗೊತ್ತಿಲ್ಲ. ನನ್ನ ನೌಕರಿಯ ಅರ್ಧ ಆಯುಷ್ಯ ಜನರ ಬೇಲಿಯ ಹೊರಗೆ ನಿಂತು “ಸ್ವಲ್ಪ ಜಾಗ ಕೊಡಿ ಸ್ವಾಮಿ” ಎಂದು ಕೇಳುವುದರಲ್ಲೇ ಕಳೆದಿದೆ. ಬಡ್ತಿ, ಮೆಚ್ಚುಗೆ ಪತ್ರ ಇತ್ಯಾದಿಗಳ ಬಗ್ಗೆ ಬರೆಯುವುದಿಲ್ಲ. ಸಿಕ್ಕಿದ್ದೇ ಕಡಿಮೆ, ಬರೆದರೆ ಒಂದು ಸಾಲಿಗೆ ಮುಗಿಯುತ್ತದೆ.

ನಾನು ಬರೆಯಬೇಕೆಂದಿರುವುದು ಒಂದೇ ಒಂದು ಕಂಬದ ವಿಷಯ. ಹಿರೇಗುತ್ತಿಯಲ್ಲಿ ದೇವಕ್ಕ ಎಂಬ ಮೀನು ಮಾರುವ ಹೆಂಗಸಿನ ಮನೆಗೆ ಹೋಗಬೇಕಾಗಿದ್ದ ಕಂಬ ಅದು. ಅವಳ ಮಗ ಪಾಂಡು ಮಿಲಿಟರಿಯಲ್ಲಿದ್ದ. ರಜೆಯಲ್ಲಿ ಊರಿಗೆ ಬಂದವನು, ವಾಪಸು ಹೋಗುವುದರೊಳಗೆ ತಾಯಿಯ ತಲೆಯ ಮೇಲಿನ ನೀರಿನ ಕೊಡ ಇಳಿಸಬೇಕೆಂದು ಹಟ ಹಿಡಿದಿದ್ದ. ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ಕಂಬ ಬೇಕು, ಕಂಬಕ್ಕೆ ಎರಡು ಅಡಿ ಜಾಗ ಬೇಕು. ಆ ಎರಡು ಅಡಿಯ ಕಥೆಗೆ ಬರುವ ಮೊದಲು ನಮ್ಮ ಜನರಿಗೆ ಸೈನಿಕರ ಮೇಲೆ ಎಂಥ ಪ್ರೀತಿ ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ನನಗೂ ಪ್ರೀತಿ ಕಡಿಮೆ ಇರಲಿಲ್ಲ. ಹರೆಯದಲ್ಲಿ ನಾನೂ ಒಮ್ಮೆ ಸೇನೆಯ ಭರ್ತಿಗೆ ಹೋಗಿ ಸಾಲಿನಲ್ಲಿ ನಿಂತವನೇ. ಎದೆ ಅಳೆಯುವವನು “ಉಬ್ಬಿಸು” ಅಂದ. ಉಬ್ಬಿಸಿದೆ. ಅವನು ಟೇಪು ಹಿಡಿದುಕೊಂಡೇ ಕಾಯುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ “ಉಬ್ಬಿಸು” ಅಂದ. “ಉಬ್ಬಿಸಿದ್ದೇ ಇಷ್ಟು” ಅಂದೆ. ಅವನು ಬೆನ್ನು ತಟ್ಟಿ ಆಚೆ ಕಳಿಸಿದ. ಹಾಗೆ ದೇಶ ಬಚಾವಾಯಿತು, ನಾನು ಕರೆಂಟಿನ ಇಲಾಖೆಗೆ ಬಂದು ಬಿದ್ದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ನಮ್ಮೂರು ಶಿರಾಲಿಯಲ್ಲೇ ಇದ್ದೆ. ಆಗಿನ ನಮ್ಮ ಮೇಲಧಿಕಾರಿಗೆ ಸೈನಿಕರೆಂದರೆ ಪಂಚಪ್ರಾಣ. ಯಾವ ಮನೆಯ ಹುಡುಗ ರಜೆಗೆ ಬಂದಿದ್ದಾನೆಂಬ ಸುದ್ದಿ ಅವನ ಹೆಂಡತಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. “ಮಾಸ್ತಪ್ಪ, ಆ ಮನೆಯ ಮೀಟರು ಒಮ್ಮೆ ನೋಡ್ಕಂಡು ಬರ್ವಾ, ದೇಶ ಕಾಯೋರ ಮನೆ, ಕತ್ತಲೆ ಇರಬಾರ್ದು” ಎಂದು ಬೈಕು ಹತ್ತುತ್ತಿದ್ದರು. ಹೋಗಿ ಮೀಟರನ್ನು ತಟ್ಟಿ ನೋಡುವುದು, ಜಗಲಿಯಲ್ಲಿ ಕೂರುವುದು, ಗಡಿಯ ಚಳಿಯ ಬಗ್ಗೆ ಮರುಗುವುದು, ಏಳುವಾಗ “ಕ್ಯಾಂಟೀನಿಂದ ಎಂತಾದ್ರೂ ತಂದಿದ್ರೆ…” ಎಂದು ಅರ್ಧ ಮಾತಿಗೇ ನಿಲ್ಲಿಸುವುದು. ಮಿಲಿಟರಿಯವರಿಗೆ ಕ್ಯಾಂಟೀನಿನಲ್ಲಿ ಸಿಗುವ ರಮ್ಮಿನ ಕೋಟಾ ನಮ್ಮ ಕಡೆ ಎಷ್ಟು ಜನರ ದೇಶಭಕ್ತಿಯನ್ನು ಕಾಪಾಡಿದೆಯೋ ಹೇಳಲಾಗದು.

ಒಮ್ಮೆ ಒಬ್ಬ ಸಾಧು ಹುಡುಗ ಪೇಪರು ಸುತ್ತಿದ ಬಾಟಲಿಯೊಂದನ್ನು ತಂದು ಇವರ ಕೈಗಿತ್ತು ಕಾಲಿಗೆ ನಮಸ್ಕಾರ ಮಾಡಿದ. ಸಾಹೇಬರು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದರು. ಅಂದು ಸಂಜೆ ಕಚೇರಿಯ ಹಿಂದಿನ ಕೋಣೆಯಲ್ಲಿ ಗೆಳೆಯರು ಸೇರಿದರು. ಶೆಟ್ಲಿ, ಅಂದರೆ ಸಿಗಡಿ, ಹುರಿದು ತರಿಸಿದ್ದರು, ಗ್ಲಾಸು ತೊಳೆದದ್ದು ನಾನೇ. ಎಲ್ಲರೂ ವೀರಯೋಧರಿಗೆ ಜೈ ಅಂದರು. ಪೇಪರು ಬಿಚ್ಚಿ ನೋಡಿದರೆ ಸಾಸಿವೆ ಎಣ್ಣೆ! ಹುಡುಗ ಉತ್ತರದ ಕಡೆ ಡ್ಯೂಟಿಯಲ್ಲಿದ್ದವನು, ಇವರು ಬಂದಾಗಲೆಲ್ಲ ಮಂಡಿ ಹಿಡಿದುಕೊಂಡು ಏಳುತ್ತಿದ್ದುದನ್ನು ಕಂಡು ಗಂಟು ನೋವಿಗೆ ಒಳ್ಳೆಯದೆಂದು ತಂದಿದ್ದ. ಸಾಹೇಬರು ಆ ಮನೆಯ ಮೀಟರನ್ನು ಮತ್ತೆಂದೂ ನೋಡಲು ಹೋಗಲಿಲ್ಲ. ಎಣ್ಣೆಯನ್ನು ಮಾತ್ರ ಬಿಡಲಿಲ್ಲ, ಮಂಡಿಗೆ ಹಚ್ಚಿ ಖಾಲಿ ಮಾಡಿದರು. ಗುಣವಾಯಿತೆಂದೂ ಒಪ್ಪಿಕೊಂಡರು.

ಆಮೇಲೆ ಹೊನ್ನಾವರಕ್ಕೆ ವರ್ಗವಾಯಿತು. ಅಲ್ಲಿ ನಾನು ಕಂಡದ್ದು ಮೆರವಣಿಗೆಯ ಪ್ರೀತಿ. ಒಬ್ಬ ಹವಾಲ್ದಾರರು ನಿವೃತ್ತರಾಗಿ ರೈಲಿನಲ್ಲಿ ಬರುವವರಿದ್ದರು. ಊರಿನವರು ತೆರೆದ ಜೀಪು ತರಿಸಿ, ಅದರ ಮೇಲೆ ಬಾವುಟವನ್ನು ಎಷ್ಟು ಎತ್ತರಕ್ಕೆ ಕಟ್ಟಿದ್ದರೆಂದರೆ ರಸ್ತೆಗೆ ಅಡ್ಡ ಹೋದ ಮನೆಮನೆಯ ಸರ್ವಿಸ್ ವೈರುಗಳೆಲ್ಲ ಅದಕ್ಕೆ ತಾಗುವಂತಿದ್ದವು. ಇಂಥಲ್ಲಿ ನಮ್ಮ ಕೆಲಸವೆಂದರೆ ಉದ್ದನೆಯ ಬಿದಿರು ಹಿಡಿದು ಮೆರವಣಿಗೆಯ ಮುಂದೆ ಮುಂದೆ ನಡೆಯುವುದು, ವೈರು ಎತ್ತಿ ಹಿಡಿದು ಜೀಪನ್ನು ದಾಟಿಸುವುದು. ನೋಡುವವರಿಗೆ ನಾವೇ ಮೆರವಣಿಗೆಯ ನಾಯಕರಂತೆ ಕಾಣುತ್ತೇವೆ. ಎಷ್ಟೋ ಸಲ ಗೊತ್ತಿಲ್ಲದ ಮುದುಕಿಯರು ನಮ್ಮ ಮೇಲೇ ಹೂವು ಎಸೆದದ್ದುಂಟು.

ಯಾವುದಕ್ಕೂ ಇರಲಿ ಎಂದು ನಾನು ಆ ರಸ್ತೆಯ ಟ್ರಾನ್ಸ್‌ಫಾರ್ಮರಿನಲ್ಲೇ ಲೈನ್ ತೆಗೆದು ಕರೆಂಟು ನಿಲ್ಲಿಸಿದ್ದೆ. ಮೆರವಣಿಗೆಯ ಕೊನೆಗೆ ಇಟ್ಟುಕೊಂಡಿದ್ದ ಸಭೆಯ ವೇದಿಕೆಗೂ ಕರೆಂಟು ಹೋಗುವುದು ಅದೇ ಟ್ರಾನ್ಸ್‌ಫಾರ್ಮರಿನಿಂದ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು ಕೈ ಬೀಸಿದರು, ಬಾಯಿ ಆಡಿಸಿದರು, ಒಂದಕ್ಷರ ಕೇಳಲಿಲ್ಲ. ಮೊದಲ ಸಾಲಿನವರಿಗೆ ಸ್ವಲ್ಪ ಕೇಳಿರಬೇಕು, ಅವರ ಮುಖ ಬಾಡಿತ್ತು. ಹಿಂದಿನವರೆಲ್ಲ ಆರಾಮಾಗಿ ಹರಟೆಗೆ ಕುಳಿತರು. ನಾನು ಗಾಬರಿಯಿಂದ ಲೈನ್ ಕೊಡಲು ಓಡುತ್ತಿದ್ದಾಗ ವೇದಿಕೆಯ ಹಿಂದೆ ನೀರು ಕುಡಿಯುವ ನೆಪದಲ್ಲಿ ಇಳಿದು ಬಂದ ಹವಾಲ್ದಾರರು ನನ್ನ ತೋಳು ಹಿಡಿದರು.

“ಅಣ್ಣಾ, ಲೈನ್ ತೆಗ್ದವ್ರು ನೀವಾ?”

“ಹೌದು ಸಾಹೇಬ್ರೆ, ತಪ್ಪಾಯ್ತು, ಈಗ ಕೊಡ್ತೆ.”

“ಎಂತಕೆ ಅವಸರ? ರೈಲಲ್ಲಿ ಕಣ್ಣು ಮುಚ್ಚಲಿಲ್ಲ ನಾನು. ಚೂರು ಹೊತ್ತು ಹಂಗೇ ಇರ್ಲಿ.”

ವಾಪಸು ಹೋಗಿ ಕುರ್ಚಿಯಲ್ಲಿ ಕುಳಿತವರು ಹಾರದ ಮೇಲೆ ಗಲ್ಲ ಇಟ್ಟು ನಿದ್ದೆ ಹೋದರು. ಮೇಲಿನವರು ನನ್ನನ್ನು ಕರೆಸಿ ಬೈದರು. ಊರಿನವರು ಚಹಾ ಕುಡಿಸಿದರು. ಹುಡುಗರೇ, ಲೈನ್ ತೆಗೆಯುವ ಮೊದಲು ಮೈಕು ಎಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಆಮೇಲೆ ಏನು ಮಾಡಬೇಕೆಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ನೌಕರಿಯ ಕೊನೆಯ ವರ್ಷಗಳಲ್ಲಿ ನನ್ನನ್ನು ಕುಮಟೆಯ ಕಡೆಗೆ ಹಾಕಿದರು, ಹಿರೇಗುತ್ತಿ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಕೆಲಸದ ಕ್ರಮವೆಲ್ಲ ಬದಲಾಗಿತ್ತು. ಮೊದಲು ಸಾಹೇಬರು ಕೊಡೆಯ ತುದಿಯಿಂದ “ಇಲ್ಲಿ” ಎಂದು ತೋರಿಸಿದರೆ ಅಲ್ಲಿ ಗುಂಡಿ ತೋಡುತ್ತಿದ್ದೆವು. ಮನೆಯವರು ಬೈಯುತ್ತಿದ್ದರು, ಬೈದು ಮುಗಿಸುವುದರೊಳಗೆ ಕಂಬ ನಿಂತಿರುತ್ತಿತ್ತು. ಈಗ ಹಾಗಿಲ್ಲ. ಹಾರೆ ಎತ್ತಿದರೆ ಎದುರಿನವರು ಮೊಬೈಲು ಎತ್ತುತ್ತಾರೆ. ನಮ್ಮ ಶಾಖೆಗೆ ಬಂದ ಹೊಸ ಇಂಜಿನಿಯರ್ ಮೇಡಂ ಒಳ್ಳೆಯವರು. “ಜಾಗದವರು ಒಪ್ಪಲಿ ಮಾಸ್ತಪ್ಪನವರೇ, ಒಪ್ಪದಿದ್ದರೆ ಮೇಲಿನವರಿಗೆ ಬರೆಯೋಣ” ಎನ್ನುತ್ತಿದ್ದರು. ಮೇಲಿನವರಿಗೆ ಬರೆದರೆ ಉತ್ತರ ಬರುವಷ್ಟರಲ್ಲಿ ನೆಟ್ಟ ತೆಂಗಿನ ಸಸಿ ಫಲ ಕೊಡುತ್ತದೆ.

ದೇವಕ್ಕನ ಮನೆ ಗಜನಿಯ ಆಚೆ. ಗಜನಿ ಎಂದರೆ ಉಪ್ಪುನೀರು ಬಂದು ಹೋಗುವ ಗದ್ದೆಬಯಲು. ಅದರ ಕೊನೆಯಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ಮನೆ. ಸಿಹಿನೀರಿನ ಬಾವಿ ಕೆಳಗೆ, ನಡುವೆ ಕಲ್ಲಿನ ಮೆಟ್ಟಿಲು. ಬೆಳಗ್ಗೆ ತಲೆಯ ಮೇಲೆ ಮೀನಿನ ಬುಟ್ಟಿ, ಸಂಜೆ ನೀರಿನ ಕೊಡ. ಹಿಂದಿನ ಮಳೆಗಾಲ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಕೈ ಕೂಡಿತ್ತು, ಆದರೆ ಮೊದಲಿನ ಬಲವಿರಲಿಲ್ಲ. ಆದರೂ ಎಡಗೈಯಲ್ಲಿ ಹಿಡಿದು ಹೊರುತ್ತಿದ್ದಳು. ಪಾಂಡು ಹಿಂದಿನ ರಜೆಯಲ್ಲೇ ಪಂಪು ಕೊಂಡು ತಂದಿದ್ದ. ಆದರೆ ದೂರದ ಕಂಬದಿಂದ ಬಿದಿರುಗಳ ಮೇಲೆ ಎಳೆದ ವೈರಿನಲ್ಲಿ ಕರೆಂಟು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಸವಳಿದು ಹೋಗುತ್ತಿತ್ತು. ಬಲ್ಬು ಬೀಡಿಯ ತುದಿಯಷ್ಟು ಉರಿಯುತ್ತಿತ್ತು. ಪಂಪು “ಹೂಂ” ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ನಮ್ಮ ಕಚೇರಿಯಲ್ಲೂ ಅಂಥವರು ಬಹಳ ಜನ ಇದ್ದರು.

ಸರಿಯಾದ ಲೈನ್ ಎಳೆಯಲು ಎರಡು ಕಂಬ ಮಂಜೂರಾದವು. ಒಂದನ್ನು ಗಜನಿಯ ಒಡ್ಡಿನ ಗಟ್ಟಿ ಜಾಗದಲ್ಲಿ ನೆಟ್ಟೆವು. ಇನ್ನೊಂದು ನಿಲ್ಲಬೇಕಾದದ್ದು ರಸ್ತೆಬದಿಯ ಸುಬ್ರಾಯಣ್ಣನ ತೆಂಗಿನ ಹಿತ್ತಲಿನ ಮೂಲೆಯಲ್ಲಿ. ಅದನ್ನು ಬಿಟ್ಟರೆ ಬೇರೆ ಎಲ್ಲ ಕೆಸರು, ನೆಟ್ಟ ಕಂಬ ಮೊದಲ ಮಳೆಗೇ ಮಲಗುತ್ತದೆ.

ಸುಬ್ರಾಯಣ್ಣನದು ಕುಮಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಊರಿನ ಯೋಧಾಭಿಮಾನಿ ಬಳಗದ ಸ್ಥಾಪಕ ಅಧ್ಯಕ್ಷ, ಬೇರೆಯವರು ಅಧ್ಯಕ್ಷರಾದದ್ದೇ ಇಲ್ಲ. ಯಾವ ಸೈನಿಕ ಬಂದರೂ ಹೋದರೂ ಫ್ಲೆಕ್ಸು. ಅದರಲ್ಲಿ ಸೈನಿಕನ ಮುಖ ಅಂಚೆಚೀಟಿಯಷ್ಟು, ಸುಬ್ರಾಯಣ್ಣನ ಮುಖ ಕಿಟಕಿಯಷ್ಟು. ಎಲ್ಲವನ್ನೂ ಕಟ್ಟುವುದು ನಮ್ಮ ಕಂಬಗಳಿಗೇ ಆದ್ದರಿಂದ ಫ್ಯೂಸು ನೋಡಲು ಹೋದಾಗಲೆಲ್ಲ ನಾನು ಅವರ ಮೀಸೆಗೆ ಮೂಗು ತಾಗಿಸಿಕೊಂಡೇ ನಿಲ್ಲಬೇಕಾಗುತ್ತಿತ್ತು. ಇಷ್ಟು ಅಭಿಮಾನಿ ಇರುವಾಗ ಸೈನಿಕನ ಮನೆಯ ಕಂಬಕ್ಕೆ ಎಂಥ ಅಡ್ಡಿ ಎಂದು ನಾನು ನಗುನಗುತ್ತಲೇ ಅವರ ಗೇಟಿಗೆ ಹೋದೆ.

“ಕಂಬವಾ? ನಮ್ಮ ಮೂಲೇಲಿ?” ಸುಬ್ರಾಯಣ್ಣನ ಮುಖ ಫ್ಲೆಕ್ಸಿನಲ್ಲಿ ಇರುವುದಕ್ಕಿಂತ ಬೇರೆಯಾಯಿತು. “ಆ ಜಾಗ ಮುಂದೆ ಅಂಗಡಿ ಕಟ್ಟೂಕೆ ಇಟ್ಕಂಡದ್ದು ಮಾರಾಯಾ.”

“ಮೂಲೇಲಿ ಎರಡು ಅಡಿ ಸಾಕು. ಪಾಂಡುನ ಮನೆಗೆ, ಸುಬ್ರಾಯಣ್ಣ.”

“ಅದೆಲ್ಲ ಗೊತ್ತದೆ. ನಾವೂ ಮಿಲಿಟರಿ ಫ್ಯಾಮಿಲಿಯೇ. ನಮ್ಮ ಹೆಂಡ್ತಿ ಚಿಕ್ಕಮ್ಮನ ಅಳಿಯ ಅಲ್ಲೇ ಆಫೀಸಲ್ಲಿ ಇದ್ದ. ಅಭಿಮಾನ ಬೇರೆ, ಆದ್ರೆ ಕಂಬ ನಿಂತ್ರೆ ಜಾಗದ ಬೆಲೆ ಹೋಗ್ತದೆ.”

ಈ ಚಿಕ್ಕಮ್ಮನ ಅಳಿಯನ ಬಗ್ಗೆ ಒಂದು ಮಾತು. ಶಿರಾಲಿಯಿಂದ ಕುಮಟೆಯವರೆಗೆ ನಾನು ಜಾಗ ಕೇಳಿದಲ್ಲೆಲ್ಲ ಇಂಥ ಒಬ್ಬ ಅಳಿಯನೋ ಷಡ್ಡಕನೋ ಇದ್ದೇ ಇದ್ದ. ಬಿಲ್ಲು ಕಟ್ಟದವರ ಫ್ಯೂಸು ತೆಗೆಯಲು ಹೋದರೆ ಅವನು ಕಾಶ್ಮೀರದಲ್ಲಿ, ಕೊಂಬೆ ಕಡಿಯಲು ಹೋದರೆ ಅವನು ಅಸ್ಸಾಮಿನಲ್ಲಿ. ಇವರೆಲ್ಲರ ಬಂಧುಗಳನ್ನು ಒಟ್ಟು ಸೇರಿಸಿದರೆ ಗಡಿಯಲ್ಲಿ ನಿಲ್ಲಲು ಜಾಗ ಸಾಲದು.

ನಿಜವಾದ ಸೈನಿಕ ಮಾತ್ರ ಆ ಮಾತೇ ಎತ್ತುತ್ತಿರಲಿಲ್ಲ. ಒಂದು ದಿನ ಒಡ್ಡಿನ ಮೇಲೆ ಕುಳಿತು ಬೀಡಿ ಹಚ್ಚಿದಾಗ ಕೇಳಿದೆ, “ತಮಾ, ನೀನೇ ಒಂದು ಮಾತು ಹೇಳಿದ್ರೆ ಸುಬ್ರಾಯಣ್ಣ ಕೇಳೂದಿಲ್ವಾ? ಬಂದೂಕು ಹಿಡ್ಯೋನು ನೀನು.”

ಪಾಂಡು ನಕ್ಕ. “ನಾ ಬಂದೂಕು ಹಿಡ್ಯೂದಕ್ಕಿಂತ ಪಕ್ಕಡ್ ಹಿಡ್ದದ್ದೇ ಹೆಚ್ಚು, ಮಾಮಾ. ಅಲ್ಲಿ ನನ್ನ ಕೆಲಸ ವೈರು ಎಳ್ಯೂದು. ಫೋನಿನ ಲೈನು. ನಿಮ್ದೇ ಕೆಲಸ.”

“ಹೌದನಾ! ಕಂಬ ಹತ್ತೂದೂ ಅದೆಯಾ?”

“ಅದೆ. ಹಿಮದಲ್ಲಿ ಗುಂಡಿ ತೋಡೂಕೆ ಆಗೂದಿಲ್ಲ, ಕೈ ಸೆಟೆದು ಹೋಗ್ತದೆ. ಆದ್ರೆ ಒಂದು ಆರಾಮು. ಅಲ್ಲಿ ಕಂಬ ನೆಡೂಕೆ ಯಾರ ಒಪ್ಪಿಗೆಯೂ ಬೇಡ.”

“ಎಂತಕೆ?”

“ಕೇಳೂಕೆ ಅಲ್ಲಿ ಜನವೇ ಇಲ್ಲ.”

ಅಂದಿನಿಂದ ಅವನು ನನಗೆ ಸೈನಿಕನಲ್ಲ, ನಮ್ಮ ಗ್ಯಾಂಗಿನವನು. ನಿಜ ಹೇಳುತ್ತೇನೆ, ಭರ್ತಿಯಲ್ಲಿ ನನ್ನನ್ನು ಆಚೆ ಕಳಿಸಿದ ಬೇಸರ ಅಷ್ಟು ವರ್ಷಗಳ ಮೇಲೆ ಆ ದಿನ ಹೋಯಿತು.

ರಜೆ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಇಷ್ಟರ ನಡುವೆ ಬಳಗದವರು ಶಾಲೆಯ ಮೈದಾನದಲ್ಲಿ ಪಾಂಡುವಿಗೆ ಸನ್ಮಾನ ಇಟ್ಟುಕೊಂಡರು. ತಾಯಿಯನ್ನೂ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಭಾಷಣಕಾರರೊಬ್ಬರು ಪಾಂಡು ಗುಂಡಿನ ಮಳೆಯ ನಡುವೆ ತೆವಳುತ್ತ ಹೋಗಿದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಪಾಂಡುವೂ ಅದನ್ನು ಮೊದಲ ಸಲ ಕೇಳುತ್ತಿದ್ದವನಾದ್ದರಿಂದ ಬಾಯಿ ತೆರೆದು ಕೇಳಿದ. ಕೊನೆಗೆ ಸುಬ್ರಾಯಣ್ಣ ಎದ್ದರು. ಮೈಕು ಹಿಡಿದು ಎದೆ ತಟ್ಟಿಕೊಂಡರು. “ನಮ್ಮ ಯೋಧರಿಗಾಗಿ ನಾನು ಪ್ರಾಣ ಕೊಡಲೂ ಸಿದ್ಧನಿದ್ದೇನೆ!”

ಪಕ್ಕದಲ್ಲೇ ದೇವಕ್ಕ ಕುಳಿತಿದ್ದಳು. ಸುಬ್ರಾಯಣ್ಣನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವಳು. ಕೂತಲ್ಲಿಂದಲೇ ಹೇಳಿದಳು, “ಪ್ರಾಣ ನೀನೇ ಇಟ್ಕ ಸುಬ್ರಾಯಾ. ನಂಗೆ ಕಂಬಕ್ಕೆ ಎರಡಡಿ ಜಾಗ ಕೊಡು, ಸಾಕು.”

ಮೀನು ಕೂಗಿ ಮಾರಿದ ಗಂಟಲು, ಮೈಕು ಇಲ್ಲದಿದ್ದರೂ ಹೆದ್ದಾರಿಗೆ ಕೇಳುತ್ತಿತ್ತು. ಜನ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಸುಬ್ರಾಯಣ್ಣನೂ ನಗಬೇಕಾಯಿತು. “ಆತು ಆತು, ಅದಕ್ಕೆಂತ, ಕೊಡುವಾ” ಅಂದರು. ಇನ್ನೊಮ್ಮೆ ಚಪ್ಪಾಳೆ. ನಾನು ಮೈದಾನದಿಂದಲೇ ಮೇಡಂಗೆ ಫೋನು ಮಾಡಿ ಕಂಬದ ಲಾರಿ ಹೇಳಿದೆ.

ಮರುದಿನ ಲಾರಿ, ಹಗ್ಗ, ಗ್ಯಾಂಗು ಎಲ್ಲ ತಗೊಂಡು ಹೋದರೆ ಗೇಟಿಗೆ ಬೀಗ. ಸುಬ್ರಾಯಣ್ಣ ಒಳಗೆ ಪೇಪರು ಓದುತ್ತ ಕುಳಿತಿದ್ದರು.

“ನಿನ್ನೆ ಆತು ಅಂದ್ರಲ್ಲ?” ಎಂದೆ.

“ಅದು ಸಭೆಯ ಮಾತು ಮಾಸ್ತಪ್ಪ. ಸಭೆಯ ಮಾತು ಬೇರೆ, ಜಾಗದ ಮಾತು ಬೇರೆ. ಇಷ್ಟು ವರ್ಷ ನೌಕರಿ ಮಾಡಿ ನಿಂಗೆ ಇಷ್ಟೂ ಗೊತ್ತಾಗ್ಲಿಲ್ವಾ?”

ನನಗೆ ಮೈ ಉರಿದು ಹೋಯಿತು. ಕಂಬವನ್ನು ಅವರ ಗೇಟಿನೆದುರು ರಸ್ತೆಬದಿಯಲ್ಲೇ ಇಳಿಸಿ ಬಂದೆ. ಸಂಜೆ ಪಾಂಡು ಸಿಕ್ಕಿದ. ಕೋಪ ಮಾಡಲಿಲ್ಲ, ಅದೇ ನನಗೆ ಇನ್ನೂ ಸಂಕಟವಾಯಿತು. “ಬಿಡಿ ಮಾಮಾ. ಮುಂದಿನ ರಜೆ ಯಾವಾಗ ಸಿಕ್ತದೋ. ಅಲ್ಲೀವರೆಗೆ ಆಯಿ ಆ ಮೆಟ್ಲು ಹತ್ತಬೇಕು. ಮತ್ತೊಂದ್ಸಲ ಬಿದ್ರೆ ನಂಗೆ ಯಾರು ಹೇಳ್ತಾರೆ?” ಅಂದ.

ಈಗ ಬೋಣಿಯ ವಿಷಯ ಹೇಳಬೇಕು. ಮೀನಿನ ಹೆಂಗಸರು ಬುಟ್ಟಿ ಹೊತ್ತು ಹೊರಟಾಗ ದಿನದ ಮೊದಲ ವ್ಯಾಪಾರವೇ ಬೋಣಿ. ಒಳ್ಳೆಯ ಕೈಯಿಂದ ಬೋಣಿಯಾದರೆ ಬುಟ್ಟಿ ಬೇಗ ಖಾಲಿಯಾಗುತ್ತದೆಂದು ಅವರ ನಂಬಿಕೆ. ಆ ರಸ್ತೆಯಲ್ಲಿ ಬೋಣಿಯ ಕೈ ಎಂದರೆ ಸುಬ್ರಾಯಣ್ಣನ ತಾಯಿಯದು. ಎಲ್ಲ ಬುಟ್ಟಿಗಳೂ ಮೊದಲು ಇಳಿಯುವುದು ಅವರ ಗೇಟಿನಲ್ಲೇ, ಒಳ್ಳೆಯ ಮೀನು ಹೋಗುವುದೂ ಅವರ ಅಡುಗೆಮನೆಗೇ. ಆ ಅಜ್ಜಿಗೆ ಮೀನಿಲ್ಲದೆ ಗಂಜಿ ಇಳಿಯುತ್ತಿರಲಿಲ್ಲ.

ಗೇಟಿಗೆ ಬೀಗ ಬಿದ್ದ ಮರುದಿನ ಬೆಳಗ್ಗೆ ಬುಟ್ಟಿಗಳು ಬಂದವು. ಅಜ್ಜಿ ಪಾತ್ರೆ ಹಿಡಿದು ನಿಂತಿದ್ದರು. ಬುಟ್ಟಿಗಳು ನಿಲ್ಲದೆ ಮುಂದೆ ಹೋದವು. ಒಂದಲ್ಲ, ಎಲ್ಲವೂ. ದೇವಕ್ಕ ಯಾರಿಗೂ ಹಾಗೆ ಮಾಡಿ ಎಂದು ಹೇಳಿರಲಿಲ್ಲವಂತೆ. ದಂಡೆಯಲ್ಲಿ ಮೀನು ಪಾಲು ಮಾಡಿಕೊಳ್ಳುವಾಗ ಕಂಬದ ಲಾರಿ ವಾಪಸು ಹೋದದ್ದನ್ನು ಹೇಳಿದ್ದಳು, ಅಷ್ಟೆ. ಉಳಿದದ್ದು ಆ ಹೆಂಗಸರೇ ತೀರ್ಮಾನ ಮಾಡಿಕೊಂಡದ್ದು. ಫ್ಲೆಕ್ಸಿಲ್ಲ, ಘೋಷಣೆ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ.

ಮೊದಲ ದಿನ ಸುಬ್ರಾಯಣ್ಣ ನಕ್ಕರಂತೆ. ಮರುದಿನ ಸ್ಕೂಟರು ಹತ್ತಿ ತಾವೇ ಕುಮಟೆಯ ಮೀನುಪೇಟೆಗೆ ಹೋದರು. ಆ ದಿನ ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆಂದು ನಾನೂ ಅಲ್ಲೇ ಇದ್ದೆ, ಕಣ್ಣಾರೆ ಕಂಡೆ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಸುಬ್ರಾಯಣ್ಣ ಒಂದು ಬುಟ್ಟಿಯ ಮುಂದೆ ನಿಂತರೆ ಆ ಹೆಂಗಸು ಬಾಳೆಎಲೆ ಎಳೆದು ಮುಚ್ಚಿ “ಮುಗೀತು ಒಡೆಯಾ” ಅಂದಳು. ಎಲೆಯ ಅಂಚಿನಿಂದ ಬಂಗಡೆಯ ಬಾಲಗಳು ಇಣುಕುತ್ತಿದ್ದವು.

“ಇದೆಂತದು ಮತ್ತೆ?”

“ಅದು ಹೇಳಿಟ್ಟದ್ದು.”

ಮುಂದಿನ ಬುಟ್ಟಿಯದೂ ಹೇಳಿಟ್ಟದ್ದು. ಅದರಾಚೆಯದು ಹಾಳಾದದ್ದು, ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಮಾರುವವಳೇ ಎಚ್ಚರಿಸಿದಳು. ಜೀವಮಾನದಲ್ಲಿ ಮೀನಿನ ಹೆಂಗಸೊಬ್ಬಳು ತನ್ನ ಮೀನನ್ನು ತಾನೇ ದೂರಿದ್ದನ್ನು ನಾನು ಕೇಳಿದ್ದು ಅಂದೇ. ಸುಬ್ರಾಯಣ್ಣ ಕೊನೆಗೆ ಕೋಳಿಮೊಟ್ಟೆ ಕಟ್ಟಿಸಿಕೊಂಡು ಹೋದರು.

ಹೀಗೇ ಕೆಲವು ದಿನ ನಡೆಯಿತು. ಪಾಂಡುವಿನ ರಜೆ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಅಜ್ಜಿ ತಾವೇ ರಸ್ತೆಗೆ ಇಳಿದು ಬಂದು ಬುಟ್ಟಿಯವಳೊಬ್ಬಳನ್ನು ತಡೆದು ನಿಲ್ಲಿಸಿದರು. “ನಾ ಎಂತ ಮಾಡ್ದೆನೇ ನಿಮಗೆ? ಮನೆಬಾಗ್ಲಿಗೆ ಬಂದು ಬುಟ್ಟಿ ಇಳಿಸೂದಿಲ್ಲ ಅಂದ್ರೆ?”

“ನೀವೆಂತ ಮಾಡ್ಲಿಲ್ಲ ಅಮ್ಮಾ,” ಅಂದಳು ಆಕೆ. “ದೇವಕ್ಕ ಮುರ್ದ ಕೈಲಿ ಕೊಡ ಇಳಿಸೂಕೆ ಆಗ್ದೆ ಒದ್ದಾಡ್ತಾಳೆ. ಅವಳ ಕೊಡ ಇಳಿಯೂತನಕ ನಮ್ಮ ಬುಟ್ಟಿಯೂ ಇಲ್ಲಿ ಇಳಿಯೂದಿಲ್ಲ.”

ಅಜ್ಜಿ ಒಳಗೆ ಹೋಗಿ ಮಗನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ರಸ್ತೆಯವರೆಗೂ ಕೇಳಿತಂತೆ, ಆದರೆ ಕೇಳಿದವರು ಯಾರೂ ಬರೆಯುವಂಥದ್ದಲ್ಲ ಎಂದರು. ಅಂದೇ ನನಗೆ ಸುಬ್ರಾಯಣ್ಣನ ಫೋನು ಬಂತು.

“ಮಾಸ್ತಪ್ಪ, ಕಂಬ ಎಂತಕೆ ಇನ್ನೂ ರಸ್ತೇಲಿ ಮಲಗಿಸಿದ್ದೆ? ದೇಶ ಕಾಯೋರ ಕೆಲಸ ಹೀಗೆಲ್ಲ ತಡ ಮಾಡೂದಾ?”

“ಬೀಗ ಇತ್ತಲ್ಲ ಸುಬ್ರಾಯಣ್ಣ.”

“ಬೀಗ ಎಲ್ಲದೆ? ನಾಳೆಯೇ ನಿಲ್ಸು!”

ಆ ನಾಳೆಯೇ ಪಾಂಡುವಿನ ರಜೆಯ ಕೊನೆಯ ದಿನ. ಸಂಜೆ ಕುಮಟೆಯಿಂದ ರೈಲು.

ಬೆಳಕು ಹರಿಯುವುದರೊಳಗೆ ಶುರು ಮಾಡಿದೆವು. ಗುಂಡಿ ತೋಡಿ, ಹಗ್ಗ ಕಟ್ಟಿ, ಕಂಬ ಎತ್ತಿ ನಿಲ್ಲಿಸಿದಾಗ ಮೇಡಂ ತಾವೇ ಹಗ್ಗದ ತುದಿ ಹಿಡಿದಿದ್ದರು. ಕಲ್ಲು ಮಣ್ಣು ತುಂಬಿ ಗುದ್ದಿದೆವು. ಗಜನಿಯ ಕೆಸರಿನಲ್ಲಿ ತಂತಿ ಎಳೆಯುವಾಗ ಪಾಂಡು ಎಲ್ಲರಿಗಿಂತ ಮುಂದೆ. ಸೊಂಟದವರೆಗೆ ಕೆಸರು, ತಲೆಗೆ ಪಂಚೆ. ಮಧ್ಯಾಹ್ನ ದೇವಕ್ಕ ಎಲ್ಲರಿಗೂ ಬಂಗಡೆ ಸಾರು, ಅನ್ನ ಬಡಿಸಿದಳು. ಮಗನಿಗೆ ಬಡಿಸುವಾಗ ಮಾತ್ರ ತಲೆ ಎತ್ತಲಿಲ್ಲ. “ನಾ ಸ್ಟೇಷನ್ನಿಗೆ ಬತ್ತೆ” ಅಂದಳು. ಪ್ರತಿ ಸಲವೂ ಬಂದು ರೈಲು ಹೋದ ಮೇಲೂ ಅಳುತ್ತ ನಿಲ್ಲುವವಳು ಅವಳು.

ಕೊನೆಯ ಕೆಲಸ ಟ್ರಾನ್ಸ್‌ಫಾರ್ಮರಿನಲ್ಲಿ. ಅದು ಹೆದ್ದಾರಿಯ ಕಡೆ, ಮನೆಗೆ ಎದುರು ದಿಕ್ಕು. ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಜಾರಿಹೋಗಿತ್ತು. ವಾಪಸು ಮನೆಗೆ ಹೋಗಿ ಸ್ನಾನ ಮಾಡಿ ಹೊರಟರೆ ರೈಲು ಸಿಗುವುದಿಲ್ಲ. ಗ್ಯಾಂಗಿನ ತಿಮ್ಮ ಪಾಂಡುವಿನ ಚೀಲ ತಂದುಕೊಟ್ಟ. ನಾನು ಲೈನ್ ಕೊಟ್ಟೆ. ಅಲ್ಲಿಂದ ದೇವಕ್ಕನ ಮನೆ ಕಾಣುವುದಿಲ್ಲ. ಪಂಪು ತಿರುಗಿತೋ, ಮತ್ತೆ “ಹೂಂ” ಅಂದು ಕೂತಿತೋ ಗೊತ್ತಾಗಲಿಲ್ಲ. ಪಾಂಡು ಫೋನು ಮಾಡಿದ. ತಾಯಿ ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಅವನನ್ನು ಹಾಗೇ ಬೈಕಿನ ಹಿಂದೆ ಕೂರಿಸಿಕೊಂಡು ಕುಮಟೆಗೆ ಹೊಡೆದೆ.

ಸ್ಟೇಷನ್ನಿನಲ್ಲಿ ಯೋಧಾಭಿಮಾನಿ ಬಳಗ ಬ್ಯಾನರು ಹಿಡಿದು ಆಗಲೇ ಜೈಕಾರ ಹಾಕುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕೊರಳ ತುಂಬ ಹಾರ ಹಾಕಿಸಿಕೊಂಡು ನಿಂತವನು ಬೇರೆ ಯಾರೋ! ಗಿಡ್ಡ ಕೂದಲು, ನೆಟ್ಟನೆಯ ನಿಲುವು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ದೊಡ್ಡ ಕಪ್ಪು ಚೀಲ. ಮಂಗಳೂರಿನಿಂದ ಬಂದ ಔಷಧದ ಸೇಲ್ಸಿನವನಂತೆ. ಹಾರ ಹಾಕಿದ ಹುಡುಗರು ಸುಬ್ರಾಯಣ್ಣನ ಕುಮಟೆಯ ಅಂಗಡಿಯವರು, ಸನ್ಮಾನಕ್ಕೆ ಬಂದವರಲ್ಲ, ಪಾಂಡುವನ್ನು ನೋಡಿದ್ದು ಫ್ಲೆಕ್ಸಿನಲ್ಲಿ ಮಾತ್ರ, ಅದರಲ್ಲಿ ಎಷ್ಟು ಕಾಣುತ್ತದೆಂದು ಹೇಳಿದ್ದೇನಲ್ಲ. ಆ ಪುಣ್ಯಾತ್ಮನೂ ಈ ಊರಿನ ರೂಢಿ ಹೀಗಿರಬೇಕೆಂದು ಕೈ ಮುಗಿದು ನಿಂತಿದ್ದ. ಸುಬ್ರಾಯಣ್ಣ ಫೋಟೋಕ್ಕೆ ಓಡಿ ಬಂದವರು ಹಾರದೊಳಗಿನ ಮುಖವನ್ನೂ ನೋಡದೆ, ನಮ್ಮ ಕಡೆಯೂ ನೋಡದೆಯೇ, “ಏ, ಕೆಸರಿನವ್ರು ಚೂರು ಆಚೆ ನಿಲ್ಲಿ, ಫೋಟೋದಲ್ಲಿ ಬರ್ತೀರಿ” ಅಂದರು. ನಾವಿಬ್ಬರೂ ಕಂಬದ ಮರೆಗೆ ಸರಿದು ನಿಂತೆವು. ಪಾಂಡು ನಗು ತಡೆಯಲಾರದೆ ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಆದರೂ ಅವನ ಕಣ್ಣು ಸ್ಟೇಷನ್ನಿನ ಮೆಟ್ಟಿಲ ಕಡೆಗೇ ಇತ್ತು. ತಾಯಿ ಬರಲಿಲ್ಲ.

ರೈಲು ಬರುತ್ತಿದೆಯೆಂದು ಹೇಳಿದರು. ಅಷ್ಟರಲ್ಲಿ ಅವನ ಫೋನು ಹೊಡೆಯಿತು. ಕೆಸರಿನ ಕೈಯಲ್ಲಿ ಹಿಡಿಯಲಾಗದೆ ಸ್ಪೀಕರಿಗೆ ಹಾಕಿದ.

“ಆಯಿ! ಎಲ್ಲಿದ್ದೆ? ರೈಲು ಬಂತು!”

“ಮನೇಲೇ ಇದ್ದೆ.” ಅವಳ ದನಿಯ ಹಿಂದೆ ಏನೋ ಧಬಧಬ ಸದ್ದು. ಹಂಡೆಗೆ ನೀರು ಬೀಳುವ ಸದ್ದು ಎಂದು ತಿಳಿಯಲು ನಮಗಿಬ್ಬರಿಗೂ ಒಂದು ಕ್ಷಣ ಬೇಕಾಯಿತು.

“ಬತ್ತೆ ಅಂದಿದ್ಯಲ್ಲ?”

“ಹೆಂಗೆ ಬರೂದು ತಮಾ? ನೀರು ಬತ್ತಾ ಅದೆ. ಮೇಲೆ ಬತ್ತಾ ಅದೆ! ಹಂಡೆ ತುಂಬ್ತು, ಕೊಡ ತುಂಬ್ತು, ಈಗ ಬಾನಿ ಇಟ್ಟಿದ್ದೆ.”

“ತುಂಬಿದ್ಮೇಲೆ ಬಂದ್ ಮಾಡು ಆಯಿ, ಚೆಲ್ಲಿ ಹೋಗ್ತದೆ.”

“ಹೋಗ್ಲಿ! ಇಷ್ಟು ವರ್ಷ ಒಂದು ಚೊಂಬು ಚೆಲ್ಲಿದ್ರೂ ಜೀವ ಚುರ್ ಅಂತಿತ್ತು. ಇವತ್ತು ಅಂಗಳಕ್ಕೆಲ್ಲ ಹೋಗ್ಲಿ. ನೀ ಹುಷಾರಾಗಿ ಹೋಗು, ಆಮೇಲೆ ಮಾತಾಡ್ತೆ. ಅಯ್ಯಯ್ಯೋ, ಬಾನಿಯೂ ತುಂಬ್ತು!”

ಫೋನು ಕಟ್ಟಾಯಿತು. ಪಾಂಡು ಅದನ್ನೇ ನೋಡುತ್ತ ನಿಂತ. ಮಿಲಿಟರಿಗೆ ಸೇರಿದಂದಿನಿಂದ ಎಂದೂ ಅವಳಾಗಿ ಫೋನು ಇಟ್ಟವಳಲ್ಲವಂತೆ. ಇವನು ಇಡಬೇಕು, ಇಟ್ಟ ಮೇಲೂ ಅವಳು ಹಲೋ ಹಲೋ ಅನ್ನುತ್ತಿರಬೇಕು.

“ಅವಳೇ ಇಟ್ಬಿಟ್ಲು, ಮಾಮಾ” ಎಂದು ಅವನು ನಕ್ಕ. ನಗುತ್ತಲೇ ಅತ್ತ. ಕೆಸರಿನ ಕೈಯಿಂದ ಕಣ್ಣೊರೆಸಿಕೊಂಡು ಮುಖವನ್ನೆಲ್ಲ ಕೆಸರು ಮಾಡಿಕೊಂಡ. ಆ ಮುಖದಲ್ಲೇ ರೈಲು ಹತ್ತಿದ.